ಎಲ್ಲರ ಲಿಸ್ಟೂ ಒಂದೇ ಥರ ಇರತ್ತೆ

"ನಿಮ್ಮ ಜೀವನದ ಐದು ಮುಖ್ಯ ಮೌಲ್ಯಗಳನ್ನ ಬರೀರಿ" ಅಂತ ಆಫೀಸ್ ಟ್ರೈನಿಂಗಲ್ಲಿ ಒಂದು ಹಾಳೆ ಕೊಡ್ತಾರಲ್ಲ, ಅದನ್ನೆಲ್ಲ ವಾಪಸ್ ಇಸ್ಕೊಂಡು ಹೆಸರು ಅಳಿಸಿ ನೋಡಿದ್ರೆ ಯಾವ್ದು ಯಾರದ್ದು ಅಂತ ಹೇಳೋಕೇ ಆಗಲ್ಲ. ಪ್ರಾಮಾಣಿಕತೆ, ಕುಟುಂಬ, ಸ್ವಾತಂತ್ರ್ಯ, ಆರೋಗ್ಯ, ನಾಲ್ಕು ಜನಕ್ಕೆ ಉಪಕಾರ. "ನಂಗೆ ಅಧಿಕಾರ ಬೇಕು, ನಾನು ಹೇಳಿದ್ದು ನಡೀಬೇಕು" ಅಂತ ಬರೆಯೋ ಧೈರ್ಯಸ್ಥರು ಅಪರೂಪ.

ಇದನ್ನ ಬರೀ ನಾಟಕ ಅಂತ ತಳ್ಳಿಹಾಕೋ ಹಾಗೂ ಇಲ್ಲ. ಜೆರುಸಲೇಮಿನ ಹೀಬ್ರೂ ಯೂನಿವರ್ಸಿಟಿಯ ಶಲೋಮ್ ಶ್ವಾರ್ಟ್ಜ್ ಅನ್ನೋ ಮನಶ್ಶಾಸ್ತ್ರಜ್ಞ 1992ರಲ್ಲಿ 20 ದೇಶಗಳ ಡೇಟಾ ಇಟ್ಕೊಂಡು ಮನುಷ್ಯರ ಮೌಲ್ಯಗಳನ್ನ 10 ಗುಂಪು ಮಾಡಿದ್ರು: ಸ್ವಂತ ನಿರ್ಧಾರ, ಹೊಸ ಅನುಭವ, ಸುಖ, ಸಾಧನೆ, ಅಧಿಕಾರ, ಭದ್ರತೆ, ಹೊಂದ್ಕೊಂಡು ಹೋಗೋದು, ಸಂಪ್ರದಾಯ, ನಮ್ಮವರ ಒಳಿತು, ಎಲ್ಲರ ಒಳಿತು. ಆಮೇಲೆ 2001ರಲ್ಲಿ ಅನತ್ ಬಾರ್ಡಿ ಜೊತೆ ಸೇರಿ ದೇಶ ದೇಶ ಹೋಲಿಸಿ ನೋಡಿದಾಗ ಹೆಚ್ಚು ಕಮ್ಮಿ ಎಲ್ಲಾ ಕಡೆ ಮೇಲ್ಗಡೆ ಬಂದಿದ್ದು ನಮ್ಮವರ ಒಳಿತು, ಸ್ವಂತ ನಿರ್ಧಾರ, ಎಲ್ಲರ ಒಳಿತು, ತಳದಲ್ಲಿ ಅಧಿಕಾರ. ಅಂದ್ರೆ ಆ ಹಾಳೇಲಿರೋ ಉತ್ತರದಿಂದ ಮನುಷ್ಯಜಾತಿ ಬಗ್ಗೆ ಏನೋ ಗೊತ್ತಾಗತ್ತೆ, ನಿಮ್ಮ ಬಗ್ಗೆ ಬಹಳ ಕಮ್ಮಿ.

ಶ್ವಾರ್ಟ್ಜ್ ಕೆಲಸದಲ್ಲಿ ನಂಗೆ ಇಷ್ಟ ಆಗೋದು ಆ ಪಟ್ಟಿಗಿಂತ ಅದನ್ನ ಜೋಡಿಸಿರೋ ರೀತಿ. ಹತ್ತನ್ನೂ ಒಂದು ವೃತ್ತದಲ್ಲಿ ಕೂರಿಸಿದಾರೆ, ಅಕ್ಕಪಕ್ಕ ಇರೋವು ಹೊಂದ್ಕೊಂಡು ಹೋಗ್ತವೆ, ಎದುರುಬದುರು ಇರೋವು ಕಿತ್ತಾಡ್ತವೆ. ಹೊಸ ಅನುಭವದ ಎದುರಿಗೆ ಭದ್ರತೆ, ಸಂಪ್ರದಾಯ. ಸಾಧನೆ, ಅಧಿಕಾರದ ಎದುರಿಗೆ ಇನ್ನೊಬ್ಬರ ಒಳಿತು. ಹಾಸನದಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ರೇ, ಬೆಂಗಳೂರಲ್ಲಿ ಪ್ರಮೋಷನ್ ಸಿಗೋ ಕೆಲಸ, ಬಿಟ್ಟು ಹೋಗೋದಾ ಬೇಡ್ವಾ ಅಂತ ಒದ್ದಾಡೋರ ಮನಸ್ಸು ಗಟ್ಟಿ ಇಲ್ಲ ಅಂತೇನಿಲ್ಲ, ಅವರು ಆ ವೃತ್ತದ ಎರಡು ತುದಿ ಒಟ್ಟಿಗೆ ಹಿಡ್ಕೊಂಡಿದಾರೆ ಅಷ್ಟೆ.

ಹಾಗಾಗಿ ಅಳೆಯೋವಾಗ ಇವರು ಒಂದು ಉಪಾಯ ಮಾಡ್ತಾರೆ. ಯಾರದ್ದೋ ಒಂದು ಸಣ್ಣ ಚಿತ್ರಣ ಕೊಟ್ಟು, ಈ ಮನುಷ್ಯ ಎಷ್ಟರ ಮಟ್ಟಿಗೆ ನಿಮ್ಮ ಥರ ಅಂತ ಕೇಳ್ತಾರೆ (ಯುರೋಪಿಯನ್ ಸೋಶಿಯಲ್ ಸರ್ವೇಲಿ ಇಂಥವು 21 ಇವೆ). ಜನ ಎಲ್ಲದಕ್ಕೂ ಧಾರಾಳವಾಗಿ ಮಾರ್ಕ್ಸ್ ಕೊಡ್ತಾರೆ ಅಂತ ಗೊತ್ತಿರೋದ್ರಿಂದ ಆಮೇಲೆ ಪ್ರತಿ ಅಂಕದಿಂದ ಅದೇ ವ್ಯಕ್ತಿಯ ಸರಾಸರಿ ಕಳೀತಾರೆ. ಕುಟುಂಬಕ್ಕೆ ಎಷ್ಟು ಕೊಟ್ರಿ ಅನ್ನೋದು ಅವರಿಗೆ ಬೇಕಾಗಿಲ್ಲ, ಬೇರೆ ಎಲ್ಲದಕ್ಕಿಂತ ಎಷ್ಟು ಜಾಸ್ತಿ ಕೊಟ್ರಿ ಅನ್ನೋದು ಬೇಕು.

ಇಷ್ಟಾದ್ರೂ ನಾವು ನಮ್ಮ ಬಗ್ಗೆ ಹೇಳ್ಕೊಳೋದನ್ನ ಎಷ್ಟು ನಂಬ್ಬಹುದು? ಸ್ವೀಡನ್ನಿನ ಲುಂಡ್ ಯೂನಿವರ್ಸಿಟಿಯ ಲಾರ್ಸ್ ಹಾಲ್, ಪೆಟ್ಟರ್ ಯೊಹಾನ್ಸನ್ ತಂಡ 2012ರಲ್ಲಿ ಒಂದು ಕಿತಾಪತಿ ಮಾಡ್ತು. ಸರಿ ತಪ್ಪುಗಳ ಬಗ್ಗೆ 160 ಜನರ ಹತ್ರ ಫಾರ್ಮ್ ತುಂಬಿಸಿ, ಮ್ಯಾಜಿಕ್ ಟ್ರಿಕ್ ಮಾಡಿ ಎರಡು ವಾಕ್ಯಗಳ ಅರ್ಥಾನೇ ಉಲ್ಟಾ ಮಾಡಿ, ಈಗ ನಿಮ್ಮ ಉತ್ತರಕ್ಕೆ ಕಾರಣ ಕೊಡಿ ಅಂದ್ರು. 69% ಜನ ಒಂದಾದ್ರೂ ಉಲ್ಟಾ ಉತ್ತರಾನ ತಮ್ಮದೇ ಅಂತ ಒಪ್ಕೊಂಡ್ರು, ಎಷ್ಟೋ ಜನ ಅದನ್ನ ಚೆನ್ನಾಗಿ ಸಮರ್ಥನೆ ಕೂಡ ಮಾಡ್ಕೊಂಡ್ರು! ಕಾರಣ ಹುಟ್ಟಿಸೋದ್ರಲ್ಲಿ ನಾವೆಲ್ಲ ಲಾಯರ್‌ಗಳೇ.

ಸರಿ, ಮಾತು ಬೇಡ ನಡವಳಿಕೆ ನೋಡೋಣ ಅಂದ್ರೆ ಅಲ್ಲೂ ತೊಡಕು. 1973ರಲ್ಲಿ ಜಾನ್ ಡಾರ್ಲಿ ಮತ್ತೆ ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಪ್ರಯೋಗ, ಅಮೆರಿಕದ ಪ್ರಿನ್ಸ್‌ಟನ್ನಲ್ಲಿ ಪಾದ್ರಿ ಆಗೋಕೆ ಓದ್ತಿದ್ದ 40 ವಿದ್ಯಾರ್ಥಿಗಳು. ಪಕ್ಕದ ಬಿಲ್ಡಿಂಗಿಗೆ ಹೋಗಿ ಭಾಷಣ ಮಾಡ್ಬೇಕು, ಕೆಲವರ ವಿಷಯ ಏನಪ್ಪಾ ಅಂದ್ರೆ ದಾರಿಲಿ ಬಿದ್ದವನಿಗೆ ನೆರವಾದ ಬೈಬಲ್ಲಿನ ಸಮಾರ್ಯದವನ ಕಥೆ. ಹೋಗೋ ದಾರಿಲೇ ಒಬ್ಬನನ್ನ ಬಾಗಿಲ ಹತ್ರ ಕುಸಿದು ಕೂರಿಸಿ ಕೆಮ್ಮಿಸಿ ನರಳಿಸಿದ್ರು. ಟೈಮ್ ಇದೆ ಅಂತ ಕಳಿಸಿದವರಲ್ಲಿ 63% ಜನ ನೆರವಾದ್ರು, ಸ್ವಲ್ಪ ಅವಸರ ಇದ್ದವರಲ್ಲಿ 45%, ಲೇಟ್ ಆಗಿದೆ ಓಡು ಅಂದವರಲ್ಲಿ 10%. ಅದೇ ಕಥೆ ಹೇಳೋಕೆ ಹೋಗ್ತಿದ್ರು ಅನ್ನೋದರಿಂದ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಏನೂ ಆಗ್ಲಿಲ್ಲ.

ಆಚಾರ ಹೇಳೋಕೆ ಬದನೇಕಾಯಿ ತಿನ್ನೋಕೆ ಅಂತ ನಗೋದು ಸುಲಭ. ಆದ್ರೆ ಸಂಶೋಧಕರೇ ಇನ್ನೊಂದು ಮಾತು ಹೇಳ್ತಾರೆ, ಆ ಹುಡುಗರು ಕಲ್ಲುಮನಸ್ಸಿನೋರಲ್ಲ, ಅಲ್ಲಿ ಇನ್ಯಾರೋ ತಮಗೋಸ್ಕರ ಕಾಯ್ತಿದಾರೆ ಅನ್ನೋ ಒತ್ತಡಾನೂ ಅವರ ಮೇಲಿತ್ತು. ಅಂದ್ರೆ ಕೊಟ್ಟ ಮಾತು ಒಂದ್ಕಡೆ, ಕರುಣೆ ಒಂದ್ಕಡೆ, ಗಡಿಯಾರ ಇದ್ದ ಕಡೆ ಗೆಲುವಾಯ್ತು. ನಂಗನ್ಸೋದು, ನಮ್ಮ ದಿನಗಳಲ್ಲೂ ಡೆಡ್‌ಲೈನ್ ಇರೋ ಮೌಲ್ಯ ಡೆಡ್‌ಲೈನ್ ಇಲ್ಲದ ಮೌಲ್ಯಾನ ಸುಮ್ಮನೆ ಪಕ್ಕಕ್ಕೆ ಸರಿಸಿಬಿಡತ್ತೆ. ರಿಪೋರ್ಟಿಗೆ ಡೆಡ್‌ಲೈನ್ ಇದೆ, ಅಮ್ಮಂಗೆ ಫೋನ್ ಮಾಡೋಕೆ ಇಲ್ಲ.

ಇನ್ನೊಂದು ಉಪಯೋಗದ ಸುಳಿವು ಬಾರ್ಡಿ ಮತ್ತೆ ಶ್ವಾರ್ಟ್ಜ್ 2003ರಲ್ಲಿ ಕೊಟ್ಟಿದ್ದು. ಸಂಪ್ರದಾಯ, ಹೊಸ ಅನುಭವದಂಥ ಮೌಲ್ಯಗಳು ಜನರ ನಡವಳಿಕೆಗೆ ಚೆನ್ನಾಗಿ ತಾಳೆ ಆಗ್ತವೆ, ಭದ್ರತೆ, ಸಾಧನೆ, ನಮ್ಮವರ ಒಳಿತು ಅಷ್ಟಾಗಿ ಆಗಲ್ಲ, ಯಾಕಂದ್ರೆ ಇವನ್ನ ಸುತ್ತಲಿನವರ ಒತ್ತಡಕ್ಕೇ ಎಲ್ಲರೂ ಮಾಡ್ತಾರೆ ಅನ್ನೋದು ಅವರ ವಿವರಣೆ. ಸಂಬಂಧಿಕರ ಮದುವೆಗೆ ಹೋದ್ರಿ ಅಂತ ಕುಟುಂಬ ನಿಮ್ಮ ಮೌಲ್ಯ ಅನ್ನೋಕಾಗಲ್ಲ, ಹೋಗದಿದ್ರೆ ಬೈತಿದ್ರು. ಮಾಡದಿದ್ರೆ ಯಾರೂ ಕೇಳೋದೇ ಇಲ್ಲ ಅನ್ನೋ ಯಾವ ಕೆಲಸಾನ ನೀವು ಆದ್ರೂ ಮಾಡ್ತೀರಿ, ಅದಕ್ಕೋಸ್ಕರ ಏನನ್ನ ಬಿಟ್ಕೊಡ್ತೀರಿ, ಅಲ್ಲಿ ಹುಡುಕಿ.

ಹಾಗಂತ ಪೇಪರ್ ಪೆನ್ ವೇಸ್ಟ್ ಅಂತಲ್ಲ. ಕೆಲ್ಲಿ ವಿಲ್ಸನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತೆ ಅವರ ತಂಡ ಮಾಡಿದ ಪ್ರಶ್ನಾವಳಿ ತುಂಬಾ ಸರಳ: ಕುಟುಂಬ, ಕೆಲಸ, ಸ್ನೇಹ, ಆರೋಗ್ಯ ಹೀಗೆ ಬದುಕಿನ 10 ವಿಭಾಗ, ಪ್ರತಿಯೊಂದು ಎಷ್ಟು ಮುಖ್ಯ ಅಂತ 1ರಿಂದ 10, ಆಮೇಲೆ ಕಳೆದ ಒಂದು ವಾರ ಅದಕ್ಕೆ ತಕ್ಕ ಹಾಗೆ ಎಷ್ಟು ಬದುಕಿದ್ರಿ ಅಂತ ಮತ್ತೆ 1ರಿಂದ 10. ಎರಡರ ಮಧ್ಯೆ ಅಂತರ ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಆ ಜಾಗಾನ ಯಾವ್ದು ತಿಂತು ಅಂತ ಪಕ್ಕದಲ್ಲೇ ಬರ್ಕೊಳಿ. ಆರೋಗ್ಯಕ್ಕೆ 9 ಕೊಟ್ಟು ನಡೆದಿದ್ದಕ್ಕೆ 2 ಹಾಕೋರೆಲ್ಲ ಸೋಮಾರಿಗಳಲ್ಲ, ಹಾಸಿಗೆ ಹಿಡಿದಿರೋ ಅತ್ತೇನ ನೋಡ್ಕೋತಾ ಇರ್ಬಹುದು, ಅಥವಾ ರಾತ್ರಿ ಒಂದು ಗಂಟೆ ತನಕ ಸುಮ್ನೆ ರೀಲ್ಸ್ ನೋಡ್ತಾ ಇರ್ಬಹುದು, ಎರಡೂ ಒಂದೇ 2 ಅಲ್ಲ. ಒಂದೇ ವಾರದ ನಂಬರ್ ನೋಡಿ ತೀರ್ಮಾನ ಮಾಡ್ಬೇಡಿ, ಮದುವೆ ಇರೋ ವಾರ, ಆಡಿಟ್ ಇರೋ ವಾರ ಎಲ್ಲರದ್ದೂ ಕೆಡತ್ತೆ, ಆಗಾಗ ಹಾಕ್ತಾ ಇರಿ.