ಐದು ಎಚ್‌ಪಿ ಮೋಟರಿನ ಲೆಕ್ಕ: ಏತದಿಂದ ಸೋಲಾರ್ ಪಂಪಿನವರೆಗೆ

ಪಂಪ್‌ಸೆಟ್ಟಿಗೆ ಮೀಟರ್ ಬೇಕೇ ಬೇಡವೇ? ತ್ರೀ ಫೇಸ್ ಕರೆಂಟು ಏಳು ಗಂಟೆ ಸಾಕೇ? ವಿದ್ಯುತ್ ಸಂಪರ್ಕದ ಗುರುತಾದ ಆರ್‌ಆರ್ ನಂಬರಿಗೆ ಆಧಾರ್ ಏಕೆ ಜೋಡಿಸಬೇಕು? ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರ ಇರುವ ರೈತ ಸೋಲಾರನ್ನೇ ಹಾಕಿಸಿಕೊಳ್ಳಬೇಕೇ? ಈ ಜಗಳಗಳು ಒಂದೊಂದಾಗಿ ಸುದ್ದಿಯಾಗುತ್ತವೆ, ಒಂದೊಂದಾಗಿ ಮರೆಯಾಗುತ್ತವೆ. ಬಿಡಿಬಿಡಿಯಾಗಿ ನೋಡಿದರೆ ತಲೆಬುಡ ತಿಳಿಯುವುದಿಲ್ಲ. ಎಲ್ಲದರ ಬುಡದಲ್ಲಿರುವುದು ಹೈಸ್ಕೂಲು ಭೌತಶಾಸ್ತ್ರದ ಒಂದೇ ಲೆಕ್ಕ. ಇಷ್ಟು ತೂಕವನ್ನು ಇಷ್ಟು ಎತ್ತರಕ್ಕೆ ಏರಿಸಲು ಇಷ್ಟು ಕೆಲಸ ಆಗಲೇಬೇಕು ಎಂಬುದು ಆ ಲೆಕ್ಕ.

ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ. ಅದನ್ನು ಒಂದು ಮೀಟರ್ ಮೇಲೆತ್ತಲು 9.8 ಜೌಲ್ ಕೆಲಸ ಬೇಕು. ನೂರು ಲೀಟರನ್ನು ಹತ್ತು ಮೀಟರ್ ಎತ್ತಿದರೆ 9,800 ಜೌಲ್. ಕರೆಂಟು ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಎಂದರೆ 36 ಲಕ್ಷ ಜೌಲ್. ಎಲ್ಲಿಯೂ ಚೂರು ಪೋಲಾಗದೆ ಹೋದರೆ ಒಂದು ಯೂನಿಟ್ಟಿನಲ್ಲಿ ಸಾವಿರ ಲೀಟರ್ ನೀರು 367 ಮೀಟರ್ ಮೇಲೇರಬಹುದು. ಪೋಲಾಗದೆ ಇರುವುದಿಲ್ಲ, ಅದು ಬೇರೆ ಮಾತು. ಆದರೆ ಯಾವ ಯಂತ್ರ ತಂದರೂ ಇದಕ್ಕಿಂತ ಕಡಿಮೆ ಶಕ್ತಿಯಲ್ಲಿ ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ತರಲು ಸಾಧ್ಯವಿಲ್ಲ.

ಏತ ಹೊಡೆಯುತ್ತಿದ್ದವರಿಗೆ ಜೌಲ್ ಗೊತ್ತಿರಲಿಲ್ಲ. ಲೆಕ್ಕ ಮೈಗೆ ಗೊತ್ತಿತ್ತು. ಏತವೆಂದರೆ ಒಂದು ದೊಡ್ಡ ಸನ್ನೆ. ನೆಟ್ಟ ಕಂಬದ ಮೇಲೆ ಉದ್ದದ ಮರ, ಅದರ ಒಂದು ತುದಿಗೆ ಗಳು, ಗಳುವಿಗೆ ಬುಟ್ಟಿ. ಮರದ ಮೇಲೆ ಹಿಂದೆ ಮುಂದೆ ನಡೆಯುವವನ ಮೈತೂಕವೇ ನೀರನ್ನು ಎತ್ತುತ್ತದೆ. ಎತ್ತು ಕಟ್ಟಿ ಬಾವಿಯಿಂದ ನೀರೆಳೆಯುವ ಕಪಿಲೆಯಲ್ಲಿ ಎರಡು ಸರಳ ಯಂತ್ರಗಳು ಒಟ್ಟಿಗಿವೆ. ಬಾವಿಯ ಮೇಲಿನ ರಾಟೆ ಎಳೆಯುವ ದಿಕ್ಕನ್ನು ಬದಲಿಸುತ್ತದೆ, ಇಳಿಜಾರು ದಾರಿ ಎತ್ತುಗಳ ತೂಕವನ್ನೂ ಕೆಲಸಕ್ಕೆ ಹಚ್ಚುತ್ತದೆ. ಎತ್ತುಗಳು ಇಳಿಯುವಾಗ ಚರ್ಮದ ಚೀಲ ಮೇಲೆ ಬರುತ್ತದೆ. ಪುಕ್ಕಟೆ ಸಿಕ್ಕಂತೆ ಕಾಣುವ ಆ ಸಹಾಯವನ್ನು ಎತ್ತುಗಳು ಮತ್ತೆ ಇಳಿಜಾರು ಹತ್ತುವಾಗ ತೀರಿಸುತ್ತವೆ, ಆಗ ಅವು ತಮ್ಮ ಮೈಯನ್ನೇ ಮೇಲಕ್ಕೆತ್ತಬೇಕು. ಸರಳ ಯಂತ್ರಗಳ ಸ್ವಭಾವವೇ ಇದು. ಅವು ಬಲವನ್ನು ಹೆಚ್ಚಿಸಿಕೊಡಬಲ್ಲವು, ದಿಕ್ಕು ತಿರುಗಿಸಬಲ್ಲವು, ದುಡಿಯುವ ಮೈಗೆ ಹೊಂದುವಂತೆ ಭಾರವನ್ನು ಹಂಚಬಲ್ಲವು. ಆಗಬೇಕಾದ ಕೆಲಸವನ್ನು ಮಾತ್ರ ಕಡಿಮೆ ಮಾಡಲಾರವು.

ಹೀಗಾಗಿ ಬಾವಿಯ ಆಳಕ್ಕೆ ಎತ್ತಿನ ಶಕ್ತಿಯೇ ಮಿತಿ ಹಾಕಿತ್ತು. ಆಳ ಹೆಚ್ಚಿದಷ್ಟೂ ದಿನಕ್ಕೆ ಸಿಗುವ ಚೀಲಗಳು ಕಡಿಮೆಯಾಗುತ್ತಿದ್ದವು, ನೆನೆಯುವ ಗುಂಟೆಗಳೂ ಕಡಿಮೆಯಾಗುತ್ತಿದ್ದವು.

ಶಕ್ತಿ ಮತ್ತು ಕೆಲಸದ ವಿಜ್ಞಾನ ಹುಟ್ಟಿದ್ದೂ ಬಹುಮಟ್ಟಿಗೆ ನೀರೆತ್ತುವ ಕಷ್ಟದಿಂದಲೇ. ಇಂಗ್ಲೆಂಡಿನ ಗಣಿಗಳಲ್ಲಿ ನೀರು ತುಂಬುತ್ತಿತ್ತು. 1698ರಲ್ಲಿ ಥಾಮಸ್ ಸೇವರಿ ಬೆಂಕಿಯಿಂದ ನೀರೆತ್ತುವ ಸಾಧನಕ್ಕೆ ಪೇಟೆಂಟ್ ಪಡೆದ. 1712ರಲ್ಲಿ ನ್ಯೂಕಮೆನ್‌ನ ಉಗಿಯಂತ್ರ ಬಂತು. 1769ರಲ್ಲಿ ಜೇಮ್ಸ್ ವಾಟ್ ತನ್ನ ಸುಧಾರಣೆಗೆ ಪೇಟೆಂಟ್ ಪಡೆದ. ವಾಟ್ ಮತ್ತು ಅವನ ಪಾಲುದಾರ ಬೌಲ್ಟನ್ ಗಣಿಗಳವರಿಂದ ಹಣ ಪಡೆದ ರೀತಿ ನೋಡಿ. ಹಳೆಯ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯಿತೋ ಅದರ ಬೆಲೆಯ ಮೂರನೇ ಒಂದು ಪಾಲು ಅವರದು. ಕಾರ್ನ್‌ವಾಲ್‌ನ ಗಣಿಗಳಲ್ಲಂತೂ 1811ರಿಂದ ಪ್ರತಿ ಯಂತ್ರದ ವರದಿಯೇ ಅಚ್ಚಾಗುತ್ತಿತ್ತು. ಇಷ್ಟು ಕಲ್ಲಿದ್ದಲು ಸುಟ್ಟು ಎಷ್ಟು ತೂಕದ ನೀರನ್ನು ಎಷ್ಟು ಅಡಿ ಎತ್ತಿತು ಎಂಬ ವರದಿ. ಫ್ರಾನ್ಸಿನ ಕೊರಿಯೊಲಿಸ್ 1829ರಲ್ಲಿ ಕೆಲಸವೆಂದರೆ ಬಲ ಮತ್ತು ದೂರದ ಗುಣಲಬ್ಧ ಎಂದು ಬರೆಯುವ ಹೊತ್ತಿಗೆ ಗಣಿಯವರು ಅದೇ ಲೆಕ್ಕದಲ್ಲಿ ಬಹಳ ಕಾಲದಿಂದ ವ್ಯವಹರಿಸುತ್ತಿದ್ದರು. ಎಚ್‌ಪಿ, ಅಂದರೆ ಅಶ್ವಶಕ್ತಿ, ಬಂದದ್ದು ಬೇರೆ ಕಾರಣಕ್ಕೆ. ಗಿರಣಿ ತಿರುಗಿಸುವ ಕುದುರೆಗಳ ಬದಲು ಯಂತ್ರ ಕೊಳ್ಳುವವರಿಗೆ ಅದು ಎಷ್ಟು ಕುದುರೆಗೆ ಸಮ ಎಂದು ಹೇಳಬೇಕಿತ್ತು. ಒಂದು ಎಚ್‌ಪಿ ಎಂದರೆ 746 ವಾಟ್. ಯಂತ್ರ ಎಷ್ಟು ವೇಗವಾಗಿ ಕೆಲಸ ಮಾಡಬಲ್ಲದು ಎಂದು ಅದು ಹೇಳುತ್ತದೆ. ಎಷ್ಟು ನೀರು ಬಂತು, ಎಷ್ಟು ಆಳದಿಂದ ಬಂತು ಎಂಬುದನ್ನು ಹೇಳುವುದಿಲ್ಲ.

ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರ್ ಲೈನಿನಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಹೊಲದ ಬಾವಿಯ ದಂಡೆಗೆ ತಲುಪಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಮೊದಲು ಬಂದ ಪಂಪುಗಳು ಬಾವಿಯ ದಂಡೆಯ ಮೇಲೆ ಕೂರುವಂಥವು. ಅವಕ್ಕೆ ಪ್ರಕೃತಿಯೇ ಹಾಕಿದ ಒಂದು ಗಡಿಯಿದೆ. ಪಂಪು ನೀರನ್ನು ಎಳೆಯುತ್ತದೆ ಎನ್ನುತ್ತೇವೆ, ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಆ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು ಹತ್ತು ಮೀಟರ್ ನೀರಿನ ಕಂಬವನ್ನಷ್ಟೇ ಹೊರಬಲ್ಲದು. ಈ ಗಡಿಯನ್ನು ಗೆಲಿಲಿಯೊ 1638ರ ಪುಸ್ತಕದಲ್ಲಿ ದಾಖಲಿಸಿದ್ದ, ಕೆಲವೇ ವರ್ಷಗಳಲ್ಲಿ ಟೊರಿಸೆಲ್ಲಿ ಅದರ ಕಾರಣ ತಿಳಿಸಿದ. ಬಯಲುಸೀಮೆಯ ಎತ್ತರದಲ್ಲಿ ಗಾಳಿಯ ಒತ್ತಡ ಇನ್ನೂ ಕಡಿಮೆ. ಫುಟ್‌ವಾಲ್ವು, ಪೈಪಿನ ಬಾಗು, ಜಾಯಿಂಟಿನ ಸೋರಿಕೆ ಎಲ್ಲ ಕಳೆದರೆ ಆರೇಳು ಮೀಟರ್ ಸಿಕ್ಕರೆ ಹೆಚ್ಚು. ನೀರು ಅದಕ್ಕಿಂತ ಕೆಳಗಿಳಿದಾಗ ರೈತರು ಬಾವಿಯೊಳಗೇ ಕಟ್ಟೆ ಕಟ್ಟಿ ಮೋಟರನ್ನು ಇಳಿಸಿದರು. ಮಳೆಗಾಲದಲ್ಲಿ ನೀರೇರಿದರೆ ಮುಳುಗುವ ಮೊದಲು ಮೇಲೆತ್ತಬೇಕು, ಬೇಸಿಗೆಯಲ್ಲಿ ಮತ್ತೆ ಇಳಿಸಬೇಕು. ಎಷ್ಟೇ ತೊಂದರೆಯಿದ್ದರೂ ಈ ಪಂಪು ಒಂದು ಉಪಕಾರ ಮಾಡಿತ್ತು. ಬಾವಿಯಲ್ಲಿ ನೀರು ಎಷ್ಟಿದೆ ಎಂದು ಕಣ್ಣಿಗೆ ಕಾಣುತ್ತಿತ್ತು.

ಬೋರು ಮತ್ತು ಸಬ್‌ಮರ್ಸಿಬಲ್ ಮೋಟರು ಬಂದಾಗ ಆ ಗಡಿ ಕಳಚಿತು. ಪಂಪು ನೀರಿನ ಒಳಗೇ ಇದ್ದು ಕೆಳಗಿನಿಂದ ಒತ್ತುವುದರಿಂದ ಗಾಳಿಯ ಒತ್ತಡದ ಹಂಗಿಲ್ಲ. ಒಂದರ ಮೇಲೊಂದು ಸ್ಟೇಜು (ನೀರನ್ನು ಒತ್ತುವ ಚಕ್ರದ ಹಂತ) ಜೋಡಿಸಿದಷ್ಟೂ ನೀರು ಮೇಲೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೂರು ಅಡಿಗೆ ಸಿಗುತ್ತಿದ್ದ ನೀರು ಮುನ್ನೂರಕ್ಕೆ ಇಳಿಯಿತು, ಆರುನೂರಕ್ಕೆ ಇಳಿಯಿತು, ಈಗ ಸಾವಿರ ಅಡಿ ದಾಟಿದ ಬೋರುಗಳು ಸಾಮಾನ್ಯ. ಅದರ ಪರಿಣಾಮ ತಿಳಿಯಲು ಒಂದೇ 5 ಎಚ್‌ಪಿ ಮೋಟರನ್ನು ಹಿಡಿದು ನೋಡಬೇಕು. ಮೋಟರಿನಿಂದ ಹೊರಬರುವುದು 3,730 ವಾಟ್. ಪಂಪಿನಲ್ಲಿ, ಪೈಪಿನಲ್ಲಿ ಅರ್ಧ ಹೋಯಿತು ಎಂದಿಟ್ಟುಕೊಳ್ಳೋಣ, ಒಳ್ಳೆಯ ಸ್ಥಿತಿಯ ಪಂಪಿನ ಮಾತಿದು. ಹತ್ತು ಮೀಟರ್ ಆಳದಿಂದಾದರೆ ಅದು ಸೆಕೆಂಡಿಗೆ 19 ಲೀಟರ್ ನೀರು ಕೊಡಬಲ್ಲದು. ನೂರು ಮೀಟರಿನಿಂದ 1.9 ಲೀಟರ್. ಮುನ್ನೂರು ಮೀಟರಿನಿಂದ, ಅಂದರೆ ಸುಮಾರು ಸಾವಿರ ಅಡಿಯಿಂದ, ಅರ್ಧ ಲೀಟರಿಗಿಂತ ತುಸು ಹೆಚ್ಚು. ಮೋಟರು ಅದೇ, ಕರೆಂಟು ಅಷ್ಟೇ, ಕೈಗೆ ಬಂದ ನೀರು ಮೂವತ್ತರಲ್ಲಿ ಒಂದು ಪಾಲು.

ರೈತ ಇದನ್ನು ಮೋಟರ್ ಕೆಟ್ಟ ದಿನ ಕಣ್ಣಾರೆ ನೋಡುತ್ತಾನೆ. ಸಾವಿರ ಅಡಿಗೆ ಬಿಟ್ಟ ಮೋಟರು ಎಂದರೆ 20 ಅಡಿಯ 50 ಪೈಪು. ಎರಡು ಇಂಚಿನ ಕಬ್ಬಿಣದ ಪೈಪಾದರೆ ಅದರ ತೂಕವೇ ಒಂದೂವರೆ ಟನ್ನು, ಒಳಗೆ ನಿಂತ ನೀರು ಬೇರೆ. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಚೈನ್ ಬ್ಲಾಕಿನಲ್ಲಿ ಎತ್ತುವಾಗ ಭಾರ ಒಂದು ಅಡಿ ಮೇಲೆ ಬರಲು ಕೈ ಹತ್ತಾರು ಅಡಿ ಸರಪಳಿ ಎಳೆಯಬೇಕು. ಒಂದು ಪೈಪು ಮೇಲೆ ಬಂದ ಮೇಲೆ ಕ್ಲ್ಯಾಂಪು ಕಚ್ಚಿಸಿ, ಬಿಚ್ಚಿ, ಕೇಬಲ್ ಸುತ್ತಿ, ಮತ್ತೆ ಎಳೆಯಬೇಕು. ಹೀಗೆ ಐವತ್ತು ಸಲ. ಈಗ ಇದಕ್ಕೆಂದೇ ಗಾಡಿಗಳು ಬಂದಿವೆ, ಅವುಗಳ ಬಾಡಿಗೆಯೂ ಆಳ ನೋಡಿಯೇ ನಿಗದಿಯಾಗುತ್ತದೆ. ಎತ್ತರಕ್ಕೆ ಬೆಲೆಯಿದೆ ಎಂದು ಗಾಡಿಯವನಿಗೂ ಗೊತ್ತು.

ಮೋಟರು ಸುಡುವುದರ ಹಿಂದೆಯೂ ಇದೇ ಲೆಕ್ಕವಿದೆ. ತ್ರೀ ಫೇಸ್ ಬಂದ ಕ್ಷಣದಲ್ಲಿ ಒಂದು ಟಿಸಿಯ ಕೆಳಗಿನ ಎಲ್ಲ ಆಟೊ ಸ್ಟಾರ್ಟರುಗಳೂ ಒಟ್ಟಿಗೆ ಮೋಟರು ಎಬ್ಬಿಸುತ್ತವೆ. ನಿಂತ ಮೋಟರು ಎದ್ದೇಳುವಾಗ ಓಡುವಾಗಿನ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಲೈನಿನಲ್ಲಿ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಇಳಿದರೂ ನೀರಿನ ಭಾರ ಇಳಿಯುವುದಿಲ್ಲ, ಅದೇ ಕೆಲಸ ಮಾಡಲು ಮೋಟರು ಹೆಚ್ಚು ಆಂಪಿಯರ್ ಎಳೆಯುತ್ತದೆ. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆಂಪಿಯರ್ ಒಂದೂವರೆ ಪಟ್ಟಾದರೆ ಶಾಖ ಎರಡೂಕಾಲು ಪಟ್ಟು. ಕಾಯಿಲ್ ಸುಡುತ್ತದೆ. ರಿವೈಂಡಿಂಗಿಗೆ ಹೋದ ಮೋಟರು ಕಡಿಮೆ ವೋಲ್ಟೇಜಿನಲ್ಲೂ ಓಡಲೆಂದು ದಪ್ಪ ತಂತಿಯನ್ನು ಕಡಿಮೆ ಸುತ್ತು ಸುತ್ತಿಸಿಕೊಂಡು ಬರುತ್ತದೆ. ಮೇಲೆ 5 ಎಂದು ಬರೆದಿದ್ದರೂ ಒಳಗೆ ಏಳೂವರೆಯ ದುಡಿಮೆ. ಅಂಥ ಹತ್ತು ಮೋಟರು ಸೇರಿದರೆ ಟಿಸಿಯೇ ಹೋಗುತ್ತದೆ. ಊರಿನವರು ಚಂದಾ ಎತ್ತಿ, ಟ್ರ್ಯಾಕ್ಟರಿನಲ್ಲಿ ಟಿಸಿ ಹೇರಿಕೊಂಡು ರಿಪೇರಿಗೆ ಅಲೆದ ದಿನಗಳನ್ನು ಬಯಲುಸೀಮೆಯ ಯಾವ ರೈತನೂ ಮರೆತಿಲ್ಲ. ತನ್ನ ಬೆಳೆ ಒಣಗದಿರಲಿ ಎಂದು ಒಬ್ಬೊಬ್ಬರೂ ಮಾಡಿದ ಸಣ್ಣ ಏರ್ಪಾಡು ಎಲ್ಲರ ಮೇಲೂ ಹೊರೆಯಾಯಿತು.

ಈ ಹೊತ್ತಿನಲ್ಲೇ ದರದ ರಾಜಕಾರಣವೂ ಬೆಳೆಯಿತು. ಹಳ್ಳಿಹಳ್ಳಿಯ ಮೀಟರ್ ಓದುವುದು ಕಷ್ಟ, ಅದರ ಖರ್ಚೇ ಹೆಚ್ಚು ಎಂಬ ಕಾರಣಕ್ಕೆ ಎಚ್‌ಪಿಗೆ ಇಷ್ಟು ಎಂಬ ದರ ಬಂತು. 1980ರ ದಶಕದ ರೈತ ಚಳವಳಿಯ ಕಾಲಕ್ಕೆ ವಿದ್ಯುತ್ ದರ ದೊಡ್ಡ ವಿಷಯವಾಗಿತ್ತು. ಬೆಳೆಗೆ ಬೆಲೆಯಿಲ್ಲದವನಿಗೆ ಅದು ಸಣ್ಣ ಭಾರವೂ ಆಗಿರಲಿಲ್ಲ. 2003ರ ವಿದ್ಯುತ್ ಕಾಯ್ದೆ ಮೀಟರಿಲ್ಲದೆ ವಿದ್ಯುತ್ ಕೊಡಬಾರದು ಎಂದಿತು. 2008ರಲ್ಲಿ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಯಿತು. ಬಿಲ್ಲೇ ಇಲ್ಲದ ಮೇಲೆ ಮೀಟರ್ ಯಾರಿಗೂ ತುರ್ತಿನ ವಿಷಯವಾಗಲಿಲ್ಲ. ಪಂಪ್‌ಸೆಟ್ಟುಗಳು ಬಳಸಿದ ಯೂನಿಟ್ಟನ್ನು ಅಂದಾಜು ಮಾಡಿ, ಆ ಅಂದಾಜಿನ ಮೇಲೆ ಸರ್ಕಾರ ವಿದ್ಯುತ್ ವಿತರಣಾ ಕಂಪನಿಗಳಾದ ಎಸ್ಕಾಂಗಳಿಗೆ ವರ್ಷಕ್ಕೆ ಸಾವಿರಾರು ಕೋಟಿ ಸಹಾಯಧನ ಕೊಡುತ್ತದೆ. ಲೈನಿನ ಸೋರಿಕೆ ಎಷ್ಟು, ಬೆಳೆಗೆ ಹೋದದ್ದು ಎಷ್ಟು ಎಂದು ಬೇರ್ಪಡಿಸಿ ಹೇಳುವುದು ಕಷ್ಟ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರು (ವಿದ್ಯುತ್ ಲೈನು) ಮತ್ತು ಪಂಪ್‌ಸೆಟ್ಟುಗಳ ಫೀಡರು ಬೇರೆಯಾದ ಮೇಲೆ ಅಂದಾಜು ಸ್ವಲ್ಪ ಗಟ್ಟಿಯಾಗಿದೆ.

ಉಚಿತ ವಿದ್ಯುತ್ತಿನಿಂದಲೇ ಅಂತರ್ಜಲ ಬರಿದಾಯಿತು ಎಂಬ ಮಾತು ನಗರದಲ್ಲಿ ಸಲೀಸಾಗಿ ಬರುತ್ತದೆ. ಆ ಮಾತಿನಲ್ಲಿ ಸತ್ಯದ ಒಂದು ಪಾಲಷ್ಟೇ ಇದೆ. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಇದೇ ಶಿವನಸಮುದ್ರದ ಬಳಿಯಿಂದ ಹೊರಡುತ್ತದೆ. ಒಂದು ಕಾಲುವೆಯ ನೀರು ಬಿದ್ದು ವಿದ್ಯುತ್ತಾಗುತ್ತದೆ, ಇನ್ನೊಂದು ಪಾಲು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತಹಂತವಾಗಿ ಸುಮಾರು 500 ಮೀಟರ್ ಮೇಲೇರುತ್ತದೆ. ಸಾವಿರ ಲೀಟರಿಗೆ ಕನಿಷ್ಠ 1.36 ಯೂನಿಟ್, ಪೋಲು ಸೇರಿದರೆ ಅದಕ್ಕೂ ಹೆಚ್ಚು. ನಗರಕ್ಕೆ ಆ ಎತ್ತರವನ್ನು ಸಾರ್ವಜನಿಕ ಹಣ ಏರಿಸಿಕೊಟ್ಟಿತು. ನದಿಯಿಲ್ಲದ ಜಿಲ್ಲೆಯ ರೈತ ತನ್ನ ಎತ್ತರವನ್ನು ತಾನೇ ಸಾಲ ಮಾಡಿ ಕೊರೆಸಿಕೊಂಡ. ನೀರು ಬೀಳದ ಬೋರಿನ ಸಾಲವೂ ಅವನದೇ. ಉಚಿತ ವಿದ್ಯುತ್ತು ಅವನ ಕಷ್ಟವನ್ನು ಮುಂದೂಡಿದೆ, ಬೋರಿನ ಆಳ ಮಾತ್ರ ವರ್ಷವರ್ಷಕ್ಕೆ ಹೆಚ್ಚಿದೆ. ಇದರಿಂದ ಅವನಿಗೆ ಲಾಭವಾಯಿತು ಎಂದು ನಾನು ಒಪ್ಪಲಾರೆ.

ಎತ್ತರವನ್ನೇ ಕಡಿಮೆ ಮಾಡುವ ದಾರಿಯೊಂದಿದೆ, ಅದನ್ನು ಯಾರೂ ವಿದ್ಯುತ್ ಉಳಿತಾಯ ಎಂದು ಕರೆಯುವುದಿಲ್ಲ. ಕೆರೆಯ ಹೂಳು ತೆಗೆದು, ರಾಜಕಾಲುವೆ ಬಿಡಿಸಿ, ನೀರಿನ ಮಟ್ಟ ಹತ್ತು ಮೀಟರ್ ಮೇಲೆ ಬಂದರೆ ಮುಂದೆ ಎತ್ತುವ ಪ್ರತಿ ಸಾವಿರ ಲೀಟರಿಗೂ 98,000 ಜೌಲ್ ಉಳಿಯುತ್ತದೆ, ಆ ಮಟ್ಟ ಇರುವಷ್ಟು ಕಾಲವೂ. 2018ರಲ್ಲಿ ಶುರುವಾದ ಕೆ.ಸಿ. ವ್ಯಾಲಿ ಯೋಜನೆ ಬೆಂಗಳೂರಿನ ಸಂಸ್ಕರಿತ ನೀರನ್ನು ಕೋಲಾರದ ಕೆರೆಗಳಿಗೆ ತಂದ ಮೇಲೆ ಅನೇಕ ಕಡೆ ಬತ್ತಿದ್ದ ಬಾವಿ ಬೋರುಗಳಲ್ಲಿ ನೀರು ಕಾಣಿಸಿದೆ. ಎರಡನೇ ಹಂತದವರೆಗಷ್ಟೇ ಶುದ್ಧಗೊಂಡ ಆ ನೀರಿನ ಗುಣಮಟ್ಟದ ಬಗ್ಗೆ ಜನ ಎತ್ತಿರುವ ಪ್ರಶ್ನೆ ಗಂಭೀರವಾದದ್ದು, ಮೂರನೇ ಹಂತದ ಶುದ್ಧೀಕರಣದ ಬೇಡಿಕೆ ನ್ಯಾಯವಾದದ್ದು. ನೀರಿನ ಮಟ್ಟ ಮೇಲೆ ತರಬಹುದು ಎಂಬುದಕ್ಕಂತೂ ಕಣ್ಣೆದುರಿಗೆ ಸಾಕ್ಷಿ ಸಿಕ್ಕಿತು.

ಸೋಲಾರಿನ ಅಧ್ಯಾಯ ಈಗಷ್ಟೇ ತೆರೆದಿದೆ. 2014ರಲ್ಲಿ ರಾಜ್ಯ ಪ್ರಕಟಿಸಿದ ಸೂರ್ಯ ರೈತ ಯೋಜನೆಯಲ್ಲಿ ಪಂಪಿಗೆ ಬಳಸದೆ ಉಳಿದ ವಿದ್ಯುತ್ತನ್ನು ರೈತ ಮಾರಬಹುದಿತ್ತು. ನೀರು ಎತ್ತದಿದ್ದರೂ ಆದಾಯ ಬರುವ ಆ ಆಲೋಚನೆ ಚೆನ್ನಾಗಿತ್ತು, ಹೆಚ್ಚು ಹರಡಲಿಲ್ಲ. ಕೇಂದ್ರದ 2019ರ ಕುಸುಮ್ ಯೋಜನೆಯಲ್ಲಿ ಗ್ರಿಡ್ಡಿಗೆ ಸೇರದ ಬಿಡಿ ಸೋಲಾರ್ ಪಂಪಿಗೆ ರಾಜ್ಯದಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ್ದು ಶೇ 50, ರೈತನದು ಶೇ 20. ಹಗಲು ಹೊತ್ತಿನಲ್ಲೇ ನೀರು ಸಿಗುತ್ತದೆ, ರಾತ್ರಿ ಹಾವು ಚೇಳಿನ ನಡುವೆ ಸ್ಟಾರ್ಟರ್ ಒತ್ತಲು ಹೋಗುವುದು ತಪ್ಪುತ್ತದೆ. ಅದು ದೊಡ್ಡ ನೆಮ್ಮದಿ. ಬಿಸಿಲಿಗೆ ಬಿಲ್ಲಿಲ್ಲವಾದ್ದರಿಂದ ಬೋರು ಇನ್ನಷ್ಟು ಆಳಕ್ಕೆ ಹೋಗದಂತೆ ತಡೆಯುವುದು ಏನು ಎಂಬ ಪ್ರಶ್ನೆಗೆ ಈ ಯೋಜನೆಯಲ್ಲಿ ಉತ್ತರ ಕಾಣುವುದಿಲ್ಲ.

ಒಂದು ಬದಲಾವಣೆಯನ್ನು ಮಾತ್ರ ಹೇಳಲೇಬೇಕು. ಸೋಲಾರ್ ಪಂಪುಗಳಿಗೆ ಕೇಂದ್ರದ ಇಲಾಖೆ ಮಾಡಿರುವ ಮಾನದಂಡದಲ್ಲಿ ಎಚ್‌ಪಿಯ ಜೊತೆಗೆ ಫಲಕದ ಒಂದೊಂದು ವಾಟಿಗೆ, ಇಂತಿಷ್ಟು ಮೀಟರ್ ಆಳದಿಂದ ದಿನಕ್ಕೆ ಇಷ್ಟು ಲೀಟರ್ ನೀರು ಬರಬೇಕು ಎಂಬ ಷರತ್ತಿದೆ. ಕಾರ್ನ್‌ವಾಲ್‌ನ ಗಣಿಯವರು ಇಟ್ಟುಕೊಂಡಿದ್ದ ಲೆಕ್ಕವೇ ಅದು. ಗ್ರಿಡ್ಡಿನಲ್ಲಿ ಓಡುತ್ತಿರುವ ರಾಜ್ಯದ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ಟುಗಳನ್ನು ನಾವು ಈಗಲೂ ಗುರುತಿಸುವುದು ಆರ್‌ಆರ್ ನಂಬರಿನಿಂದ ಮತ್ತು ನಾಮಫಲಕದ ಎಚ್‌ಪಿಯಿಂದ. ಆಧಾರ್ ಜೋಡಣೆಗೆ ಮನೆಮನೆಗೆ ಹೋಗುವ ಸಿಬ್ಬಂದಿ ಅದೇ ಹಾಳೆಯಲ್ಲಿ ಇನ್ನೆರಡು ಕಾಲಂ ಹಾಕಿಕೊಂಡರೆ ಸಾಕಿತ್ತು: ಬೇಸಿಗೆಯಲ್ಲಿ ನೀರು ಎಷ್ಟು ಅಡಿಗೆ ನಿಲ್ಲುತ್ತದೆ, ಪೈಪಿನ ತುದಿಯಲ್ಲಿ ಗಂಟೆಗೆ ಎಷ್ಟು ಲೀಟರ್ ಬೀಳುತ್ತದೆ.