ಹೀರೋ ಬರುತ್ತಾರೆಂದು ಕಾದು ನಿಂತ ಬೀದಿ

ಅಂಗಡಿ ಸಾಲಿನ ಒಂದು ಬೀದಿ. ಮೈಯೆಲ್ಲ ಕೆಸರೇ ಆಗಿರುವ ದುಷ್ಟನೊಬ್ಬ ಬಾಕುಗೊ ಎಂಬ ಶಾಲಾ ಹುಡುಗನ ಮೂಗು ಬಾಯಿ ಮುಚ್ಚಿ ಅವನ ದೇಹದೊಳಕ್ಕೆ ನುಗ್ಗಲು ನೋಡುತ್ತಿದ್ದಾನೆ. ಹುಡುಗ ಕೊಸರಾಡುತ್ತಿದ್ದಾನೆ, ಸುತ್ತ ಬೆಂಕಿ ಹೊತ್ತಿಕೊಂಡಿದೆ, ಜನ ಕಿಕ್ಕಿರಿದು ನೋಡುತ್ತಿದ್ದಾರೆ. ಪರವಾನಗಿ ಪಡೆದ ವೃತ್ತಿಪರ ಹೀರೋಗಳೂ ಅಲ್ಲೇ ಇದ್ದಾರೆ. ಮರದ ಶಕ್ತಿಯವನಿಗೆ ಬೆಂಕಿಯ ಭಯ. ಬೃಹದಾಕಾರ ತಾಳಬಲ್ಲವಳಿಗೆ ರಸ್ತೆಯ ಅಗಲ ಸಾಲದು. ತೋಳ್ಬಲದವನ ಹಿಡಿತಕ್ಕೆ ಕೆಸರು ಸಿಗುತ್ತಿಲ್ಲ. ತಕ್ಕ ಶಕ್ತಿಯುಳ್ಳವರು ಯಾರಾದರೂ ಬರುವವರೆಗೆ ಹುಡುಗ ತಡೆದುಕೊಳ್ಳಲಿ ಎಂದು ಎಲ್ಲರೂ ನಿಂತುಬಿಡುತ್ತಾರೆ. ಆಗ ಗುಂಪನ್ನು ಸೀಳಿಕೊಂಡು ಇಜುಕು ಮಿಡೋರಿಯಾ ಓಡಿಬರುತ್ತಾನೆ. ಅವನಿಗೆ ಯಾವ ಶಕ್ತಿಯೂ ಇಲ್ಲ. ಅದೇ ದಿನ ಬಾಕುಗೊ ಅವನನ್ನು ಛಾವಣಿಯಿಂದ ಹಾರಿಕೋ ಎಂದು ಹಂಗಿಸಿದ್ದ. ಆದರೂ ಬೆನ್ನಿನ ಚೀಲವನ್ನು ದುಷ್ಟನ ಮುಖಕ್ಕೆ ಎಸೆದು ಬರಿಗೈಯಲ್ಲಿ ಕೆಸರನ್ನು ಬಗೆಯತೊಡಗುತ್ತಾನೆ.

ಕೊಹೆ ಹೊರಿಕೊಶಿ ಅವರ ‘ಮೈ ಹೀರೋ ಅಕಾಡೆಮಿಯಾ’ ಎಂಬ ಮಾಂಗಾದ, ಅಂದರೆ ಜಪಾನಿ ಚಿತ್ರಕಥೆಯ, ಮೊದಲ ಅಧ್ಯಾಯದ ದೃಶ್ಯವಿದು. 2014ರ ಜುಲೈನಿಂದ 2024ರ ಆಗಸ್ಟ್‌ವರೆಗೆ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ಈ ಕಥೆ 430 ಅಧ್ಯಾಯಗಳಲ್ಲಿ ಹರಿದುಬಂತು. ಜಗತ್ತಿನ ಶೇ 80ರಷ್ಟು ಜನ ಒಂದಲ್ಲ ಒಂದು ಅತಿಮಾನುಷ ಶಕ್ತಿಯೊಂದಿಗೆ ಹುಟ್ಟುವ ಕಾಲ. ಜನರನ್ನು ಕಾಪಾಡುವುದು ಸಂಬಳ, ಶ್ರೇಯಾಂಕ, ಅಭಿಮಾನಿಗಳೆಲ್ಲ ಇರುವ ಒಂದು ಉದ್ಯೋಗ. ಹೊಡೆದಾಟಗಳಿಗೆ ಇಲ್ಲಿ ಬರವಿಲ್ಲ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಬೀದಿಯ ಜನ. ಖಳ ಎಲ್ಲಿ ತಯಾರಾಗುತ್ತಾನೆ ಎಂಬ ಪ್ರಶ್ನೆಗೆ ಹೊರಿಕೊಶಿ ಕೊಡುವ ಉತ್ತರದಲ್ಲಿ ಅವರಿಗೂ ಪಾಲಿದೆ. ಮನೋವಿಜ್ಞಾನ ಅರ್ಧ ಶತಮಾನದಿಂದ ತಡಕುತ್ತಿರುವ ಜಾಗವೂ ಅದೇ.

1964ರಲ್ಲಿ ನ್ಯೂಯಾರ್ಕ್‌ನಲ್ಲಿ ಕಿಟ್ಟಿ ಜೆನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಮಂದಿ ನೋಡಿಯೂ ಸುಮ್ಮನಿದ್ದರು ಎಂದು ಪತ್ರಿಕೆಯೊಂದು ಬರೆಯಿತು. ಆ ವರದಿಯಲ್ಲಿ ಉತ್ಪ್ರೇಕ್ಷೆಯಿತ್ತು ಎಂಬುದು ಆಮೇಲೆ ಸಾಬೀತಾಯಿತು. ಆದರೆ ಅಷ್ಟರಲ್ಲಿ ಅದು ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಇಬ್ಬರು ಮನೋವಿಜ್ಞಾನಿಗಳನ್ನು ಪ್ರಯೋಗಕ್ಕೆ ಹಚ್ಚಿತ್ತು. 1968ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಮೈಕಿನ ಮೂಲಕ ಮಾತನಾಡುತ್ತಿರುತ್ತಾರೆ. ನಡುವೆ ಒಬ್ಬನಿಗೆ ಅಪಸ್ಮಾರ ಬಂದಂತೆ ಧ್ವನಿ ಕೇಳಿಸುತ್ತದೆ. ಅದು ಮೊದಲೇ ಮುದ್ರಿಸಿಟ್ಟ ಧ್ವನಿ. ಅದನ್ನು ಕೇಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇ 85ರಷ್ಟು ಮಂದಿ ಆ ಧ್ವನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ತನ್ನ ಹಾಗೆ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಎದ್ದವರು ಶೇ 31 ಮಾತ್ರ. ಏಳದೆ ಕುಳಿತವರು ಕಲ್ಲೆದೆಯವರೇನೂ ಆಗಿರಲಿಲ್ಲ. ಸಂಶೋಧಕರು ಒಳಗೆ ಹೋದಾಗ ಎಷ್ಟೋ ಮಂದಿಯ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು. ಅವನಿಗೆ ಏನಾಯಿತು ಎಂದು ಅವರೇ ವಿಚಾರಿಸಿದರು. ಹೊಣೆ ಐವರಲ್ಲಿ ಹಂಚಿಹೋದಾಗ ಪ್ರತಿಯೊಬ್ಬರ ಪಾಲಿಗೆ ಬಂದದ್ದು ಏಳಲು ಸಾಲದಷ್ಟು ಚೂರು. ಇದನ್ನೇ ಬೈಸ್ಟ್ಯಾಂಡರ್ ಎಫೆಕ್ಟ್ ಎನ್ನುತ್ತಾರೆ.

ಈಗ ಹೊರಿಕೊಶಿಯ ಲೋಕಕ್ಕೆ ಬನ್ನಿ. ಅಲ್ಲಿ ಕಾಪಾಡುವುದಕ್ಕೆಂದೇ ಸಂಬಳದವರಿದ್ದಾರೆ. ಪರವಾನಗಿ ಇಲ್ಲದವರು ಸಾರ್ವಜನಿಕವಾಗಿ ಶಕ್ತಿ ಬಳಸುವಂತಿಲ್ಲ, ಅದು ಅಪರಾಧ. ಹೀಗಿರುವಾಗ ಊರ ಉಸಾಬರಿ ನಮಗೇಕೆ ಎಂದು ಸರಿದುಹೋಗುವುದಕ್ಕೆ ಕಾನೂನೇ ನೆವ ಒದಗಿಸಿದಂತಾಗುತ್ತದೆ.

ತೆಂಕೊ ಶಿಮುರಾ ಎಂಬ ಪುಟ್ಟ ಹುಡುಗನ ಕಥೆಯಲ್ಲಿ ಇದು ಎದೆ ಹಿಂಡುವಂತೆ ಬರುತ್ತದೆ. ಹೀರೋ ಆಟ ಆಡಿದ್ದಕ್ಕೆ ಅಪ್ಪ ಹೊಡೆಯುತ್ತಾನೆ. ಮನೆಯ ಉಳಿದವರು ಮರುಗುತ್ತಾರೆ, ತಡೆಯುವುದಿಲ್ಲ. ಒಂದು ರಾತ್ರಿ ಮುಟ್ಟಿದ್ದನ್ನೆಲ್ಲ ಪುಡಿಮಾಡುವ ಶಕ್ತಿ ಅವನ ಕೈಯಲ್ಲಿ ಸಿಡಿದು ಇಡೀ ಕುಟುಂಬ ನಾಶವಾಗುತ್ತದೆ. ಆಮೇಲೆ ಅವನು ಬೀದಿಯಲ್ಲಿ ನಡೆಯುತ್ತಾನೆ. ಬಟ್ಟೆ ಹರಿದಿದೆ, ಮೈಮೇಲೆ ರಕ್ತವಿದೆ, ಕಣ್ಣು ಅರಳಿ ನಿಂತಿದೆ. ಎದುರಿಗೆ ಬಂದವರು ನೋಡಿಯೂ ನೋಡದಂತೆ ದಾಟುತ್ತಾರೆ. ಒಬ್ಬ ಅಜ್ಜಿ ಮಾತ್ರ ಹತ್ತಿರ ಬಂದು ಬಾಗುತ್ತಾಳೆ. ಅವನ ಮುಖ ಕಂಡದ್ದೇ ಬೆದರಿ, ಹೀರೋಗಳು ಬರುತ್ತಾರೆ ಎನ್ನುತ್ತಾ ಹಿಂದೆ ಸರಿಯುತ್ತಾಳೆ. ಕೊನೆಗೆ ಕೈ ಚಾಚಿದವನು ಆಲ್ ಫಾರ್ ಒನ್ ಎಂಬ ಮಹಾಖಳ. ತೆಂಕೊ ಶಿಗಾರಾಕಿ ಎಂಬ ಖಳನಾಗಿ ಬೆಳೆದು ಆ ಬೀದಿಗಳನ್ನೇ ಪುಡಿಮಾಡಲು ಹೊರಡುತ್ತಾನೆ.

ಇಷ್ಟು ಓದಿದವರು ಹೊಡೆತ ತಿಂದ ಮಗು ಹೊಡೆಯುವವನಾಗುವುದು ಸಹಜ ಎಂದು ಷರಾ ಬರೆದುಬಿಡಬಹುದು. ಅದು ಅಷ್ಟು ನೇರವಿಲ್ಲ. ಅಮೆರಿಕದ ಕ್ಯಾಥಿ ವಿಡಮ್ ಅವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಲ್ಯದಲ್ಲಿ ದೌರ್ಜನ್ಯಕ್ಕೋ ನಿರ್ಲಕ್ಷ್ಯಕ್ಕೋ ತುತ್ತಾದ 908 ಮಂದಿಯನ್ನು ಅಂಥ ಅನುಭವ ದಾಖಲಾಗಿರದ, ಅದೇ ಸಾಮಾಜಿಕ ಹಿನ್ನೆಲೆಯ 667 ಮಂದಿಯೊಂದಿಗೆ ಹೋಲಿಸಿದರು. ಹದಿಹರೆಯದಲ್ಲಿ ಬಂಧನಕ್ಕೊಳಗಾದವರು ಮೊದಲ ಗುಂಪಿನಲ್ಲಿ ಶೇ 26, ಎರಡನೆಯದರಲ್ಲಿ ಶೇ 17. ಅಪಾಯ ಹೆಚ್ಚುತ್ತದೆ, ನಿಜ. ಆದರೆ ನೊಂದ ಮಕ್ಕಳಲ್ಲಿ ಹೆಚ್ಚಿನವರು ಆ ದಾರಿ ಹಿಡಿಯಲಿಲ್ಲ. ಈ ಎರಡನೆಯ ಮಾತನ್ನು ನಾವು ಪದೇ ಪದೇ ಮರೆತು, ನೊಂದ ಮಕ್ಕಳ ಮೇಲೆ ಇನ್ನೊಂದು ಅನುಮಾನದ ಹೊರೆ ಹೇರುತ್ತೇವೆ.

ಹೊರಿಕೊಶಿ ಅದನ್ನು ಮರೆಯುವುದಿಲ್ಲ. ಶ್ರೇಯಾಂಕದಲ್ಲಿ ವರ್ಷಗಟ್ಟಲೆ ಎರಡನೆಯವನಾಗಿಯೇ ಉಳಿದಿದ್ದ ಹೀರೋ ಎಂಡೆವರ್, ತನ್ನನ್ನು ಮೀರಿಸುವ ಮಗು ಬೇಕೆಂದು ಹಿಮದ ಶಕ್ತಿಯ ರೇಯನ್ನು ಮದುವೆಯಾಗುತ್ತಾನೆ. ನಾಲ್ಕು ಮಕ್ಕಳಲ್ಲಿ ಶೋಟೊ ಒಬ್ಬನೇ ಅವನ ಲೆಕ್ಕಕ್ಕೆ ಸರಿಹೊಂದುತ್ತಾನೆ. ಮಗನ ಎಡಮುಖದಲ್ಲಿ ಗಂಡನನ್ನೇ ಕಂಡ ರೇ ಒಂದು ದಿನ ಕುದಿಯುವ ನೀರು ಸುರಿಯುತ್ತಾಳೆ. ಅಪ್ಪ ಕೈಬಿಟ್ಟ ಹಿರಿಯ ಮಗ ತೋಯಾ ಕೊಲೆಗಾರನಾಗುತ್ತಾನೆ. ಉಳಿದ ಮೂವರು ಆಗುವುದಿಲ್ಲ. ಜನರನ್ನು ಕಾಪಾಡುವ ಪರವಾನಗಿ ಹೊತ್ತವನ ಮನೆಯೊಳಗೇ ಈ ಹಿಂಸೆ ನಡೆದಿದೆ. ತಳಿ ಆರಿಸಿ ಮಕ್ಕಳನ್ನು ಪಡೆಯುವ ಈ ಹುಚ್ಚು ಕೇವಲ ಕಲ್ಪನೆಯೂ ಅಲ್ಲ. ಜಪಾನಿನಲ್ಲಿ 1948ರಿಂದ 1996ರವರೆಗೆ ಜಾರಿಯಲ್ಲಿದ್ದ ಸುಜನನ ಕಾನೂನಿನಡಿ ಸುಮಾರು 25,000 ಜನರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಯಿತು. ಅವರಲ್ಲಿ ಬಹುಪಾಲು ಮಂದಿಯ ಒಪ್ಪಿಗೆಯನ್ನೇ ಪಡೆದಿರಲಿಲ್ಲ. ಆ ಕಾನೂನು ಸಂವಿಧಾನಬಾಹಿರವಾಗಿತ್ತೆಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು 2024ರ ಜುಲೈ 3ರಂದು, ಈ ಮಾಂಗಾ ಮುಗಿಯುವುದಕ್ಕೆ ಒಂದು ತಿಂಗಳು ಮೊದಲು.

ಕಥೆಯ ಕೊನೆಕೊನೆಗೆ ಬರುವ ಒಂದು ತಿರುವಿನ ಬಗ್ಗೆ ನನಗೆ ಗಟ್ಟಿ ತಕರಾರಿದೆ. ತೆಂಕೊನ ಆ ವಿನಾಶಕ ಶಕ್ತಿಯನ್ನು ಅವನೊಳಗೆ ಇಟ್ಟವನೂ ಆಲ್ ಫಾರ್ ಒನ್ ಎಂದು ಗೊತ್ತಾಗುತ್ತದೆ. ಎಲ್ಲವೂ ಒಬ್ಬ ಸೂತ್ರಧಾರನ ಹಂಚಿಕೆಯಾಗಿಬಿಟ್ಟರೆ ಹೊಡೆದ ಅಪ್ಪ, ತಡೆಯದ ಮನೆಯವರು, ದಾಟಿಹೋದ ದಾರಿಹೋಕರು ಸಲೀಸಾಗಿ ಪಾರಾಗುತ್ತಾರೆ. ನೂರಾರು ಅಧ್ಯಾಯಗಳಲ್ಲಿ ಸಹನೆಯಿಂದ ಕಟ್ಟಿದ್ದನ್ನು ಹೊರಿಕೊಶಿ ಇಲ್ಲಿ ತಮ್ಮ ಕೈಯಿಂದಲೇ ಸಡಿಲಿಸಿದರು.

ಆದರೂ ಅವರು ಬೀದಿಯನ್ನು ಪೂರ್ತಿ ಕೈಬಿಟ್ಟಿಲ್ಲ. ಹೀರೋಗಳಿಗೂ ಖಳರಿಗೂ ನಡೆದ ಯುದ್ಧ ಮುಗಿದ ಮೇಲೆ ಅದೇ ಅಜ್ಜಿಗೆ ಅಂಥದೇ ಇನ್ನೊಂದು ಮಗು ಎದುರಾಗುತ್ತದೆ, ಈ ಸಲ ಆಕೆ ಕೈ ಹಿಡಿಯುತ್ತಾಳೆ. ಭಾವುಕತೆ ಎಂದು ತಳ್ಳಿಹಾಕುವ ಮೊದಲು ಆಮ್‌ಸ್ಟರ್‌ಡ್ಯಾಮ್, ಲ್ಯಾಂಕಾಸ್ಟರ್ ಮತ್ತು ಕೇಪ್‌ಟೌನ್ ನಗರಗಳ ಸಿಸಿಟಿವಿ ದೃಶ್ಯಗಳನ್ನು ನೋಡಬೇಕು. ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರು 219 ಬೀದಿ ಜಗಳಗಳ ದೃಶ್ಯಗಳನ್ನು ಪರಿಶೀಲಿಸಿದಾಗ ಹತ್ತರಲ್ಲಿ ಒಂಬತ್ತು ಕಡೆ ಒಬ್ಬರಾದರೂ ನಡುವೆ ಬಂದಿದ್ದರು. ನೋಡುಗರು ಹೆಚ್ಚಿದಷ್ಟೂ ಯಾರಾದರೂ ಮುಂದೆ ಬರುವ ಸಾಧ್ಯತೆ ಹೆಚ್ಚಿತ್ತು. ಗುಂಪಿನಲ್ಲಿ ಒಬ್ಬೊಬ್ಬರ ಕಾಲು ಹಿಂಜರಿದರೂ ಒಬ್ಬರ ಕಾಲು ಮುಂದಾಗುತ್ತದೆ. ಪ್ರಾಣದ ಹಂಗು ತೊರೆದು ಪರರನ್ನು ಕಾಪಾಡಿ ಕಾರ್ನೆಗಿ ಪದಕ ಪಡೆದ 51 ಮಂದಿಯ ಹೇಳಿಕೆಗಳನ್ನು ಡೇವಿಡ್ ರ‍್ಯಾಂಡ್ ಮತ್ತು ಝಿವ್ ಎಪ್‌ಸ್ಟೈನ್ 2014ರಲ್ಲಿ ಅಧ್ಯಯನ ಮಾಡಿದಾಗಲೂ ಬಹುತೇಕರು ಹೇಳಿದ್ದು, ಯೋಚಿಸುವ ಮೊದಲೇ ಧುಮುಕಿದ್ದೆವು ಎಂದು. ಅದೇ ವರ್ಷ ಶುರುವಾದ ಈ ಮಾಂಗಾದಲ್ಲಿ ಮಹಾವೀರ ಆಲ್ ಮೈಟ್, ಮಿಡೋರಿಯಾನನ್ನು ತನ್ನ ಉತ್ತರಾಧಿಕಾರಿಯಾಗಿ ಆರಿಸುವಾಗ ಕೊಡುವ ಕಾರಣವೂ ಅದೇ.

ಶಿಗಾರಾಕಿ ಬದುಕುಳಿಯುವುದಿಲ್ಲ. ರಕ್ತ ಕುಡಿಯುವ ಹಂಬಲದೊಂದಿಗೆ ಹುಟ್ಟಿ, ‘ಸಾಮಾನ್ಯಳಂತೆ ಇರು’ ಎಂಬ ಒತ್ತಡದಲ್ಲೇ ಬೆಳೆದ, ಅವನ ಗುಂಪಿನ ತೋಗಾ ಕೂಡ ಸಾಯುತ್ತಾಳೆ, ತನ್ನ ಎದುರಾಳಿಯಾದ ಮಿಡೋರಿಯಾನ ಸಹಪಾಠಿ ಉರಾರಾಕಾಗೆ ರಕ್ತ ಕೊಟ್ಟು. ಎಂಟು ವರ್ಷಗಳ ನಂತರ ಉರಾರಾಕಾ ಖ್ಯಾತ ಹೀರೋ ಆಗಿರುತ್ತಾಳೆ. ತೋಗಾಳಂಥ ಮಕ್ಕಳ ಮಾತನ್ನು ಬಾಲ್ಯದಲ್ಲೇ ಕೇಳಿಸಿಕೊಳ್ಳುವವರು ಇರಬೇಕೆಂದು, ಶಾಲೆ ಶಾಲೆಗಳಲ್ಲಿ ಆಪ್ತಸಮಾಲೋಚನೆ ವಿಸ್ತರಿಸುವ ಕೆಲಸವನ್ನು ಗೆಳೆಯರ ಜೊತೆ ಸೇರಿ ಮಾಡುತ್ತಿರುತ್ತಾಳೆ.