ಅಡೋರ್ನೊ, ಬೆನ್ಯಾಮಿನ್ ಮೇಲೆ ಪಿಎಚ್‌ಡಿ: ಜರ್ಮನಿಯೋ, ಅಮೆರಿಕವೋ?

ಪ್ರಶ್ನೆ: ಇಂಗ್ಲಿಷ್ ಎಂ.ಎ. ಮುಗಿಸಿದ್ದೇನೆ. ಜರ್ಮನ್ ಚಿಂತಕರಾದ ವಾಲ್ಟರ್ ಬೆನ್ಯಾಮಿನ್, ಅಡೋರ್ನೊ ಓದಿ ಹುಚ್ಚು ಹಿಡಿದಿದೆ. ಜರ್ಮನ್ ಬಿ1 ಮಟ್ಟಕ್ಕೆ (ಎ1ರಿಂದ ಸಿ2ವರೆಗಿನ ಆರು ಹಂತಗಳಲ್ಲಿ ಮೂರನೆಯದು) ಬರುತ್ತದೆ. ಜರ್ಮನ್ ಸಾಹಿತ್ಯ ಮತ್ತು ಕ್ರಿಟಿಕಲ್ ಥಿಯರಿಯಲ್ಲೇ (ಸಮಾಜ, ಸಂಸ್ಕೃತಿಯನ್ನು ವಿಮರ್ಶೆಗೆ ಒಡ್ಡುವ ಚಿಂತನೆ) ಪಿಎಚ್‌ಡಿ ಮಾಡಬೇಕು ಅಂತಿದೆ. ಹಾಗಾದರೆ ಫ್ರಾಂಕ್‌ಫರ್ಟ್‌ಗೆ ಹೋಗೋದೇ ಸರಿ ಅಲ್ವಾ?

ಉತ್ತರ: ಫ್ರಾಂಕ್‌ಫರ್ಟ್ ಅನ್ನೋ ಹೆಸರು ನೋಡಿ ಹೋಗಬೇಡಿ. ನಿಮ್ಮಂಥವರು ಮೊದಲು ಅರ್ಜಿ ಹಾಕಬೇಕಾದ್ದು ಅಮೆರಿಕದ ಜರ್ಮನ್ ವಿಭಾಗಗಳಿಗೆ ಅಂತಲೇ ನನ್ನ ಅಭಿಪ್ರಾಯ. ಜರ್ಮನ್ ಸಾಹಿತ್ಯ ಓದೋಕೆ ಅಮೆರಿಕಕ್ಕಾ ಅಂತ ಮನೆಯಲ್ಲಿ ನಗಬಹುದು. ಆದರೆ ಇದಕ್ಕೆ ಇತಿಹಾಸದಲ್ಲೇ ಕಾರಣ ಇದೆ.

ಈ ಥಿಯರಿ ಬೆಳೆದ ಫ್ರಾಂಕ್‌ಫರ್ಟ್‌ನ ಸಮಾಜ ಸಂಶೋಧನಾ ಸಂಸ್ಥೆ ಶುರುವಾಗಿದ್ದು 1923ರಲ್ಲಿ. ದುಡ್ಡು ಕೊಟ್ಟಿದ್ದು ಧಾನ್ಯ ವ್ಯಾಪಾರದಲ್ಲಿ ಸಿಕ್ಕಾಪಟ್ಟೆ ಗಳಿಸಿದ್ದ ವೈಲ್ ಕುಟುಂಬ. ಮಾರ್ಕ್ಸ್‌ವಾದಿಗಳ ಸಂಸ್ಥೆಗೆ ಸಾಹುಕಾರರ ಹಣ, ಇರಲಿ ಬಿಡಿ. 1933ರಲ್ಲಿ ನಾಜಿಗಳು ಬೀಗ ಹಾಕಿಸಿದರು. ಸಂಸ್ಥೆ ಜಿನೀವಾಕ್ಕೆ ಹೋಯಿತು, 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಯುದ್ಧ ಮುಗಿದ ಮೇಲೆ ಸಂಸ್ಥೆಯ ನಿರ್ದೇಶಕ ಹೋರ್ಕ್‌ಹೈಮರ್, ಅಡೋರ್ನೊ ವಾಪಸ್ ಹೋದರು. ಅದೇ ಸಂಸ್ಥೆಯ ಮಾರ್ಕ್ಯೂಸ ಅಮೆರಿಕದಲ್ಲೇ ಉಳಿದರು. ಲೋವೆಂತಾಲ್ ಕೂಡ ಅಲ್ಲೇ ಉಳಿದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು.

ನಿಮಗೆ ಇದಕ್ಕಿಂತ ಮುಖ್ಯ ಆಗೋದು ಎಪ್ಪತ್ತರ ದಶಕ. 1973ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕೆಲವು ಯುವ ಅಧ್ಯಾಪಕರು ಸೇರಿ 'ನ್ಯೂ ಜರ್ಮನ್ ಕ್ರಿಟೀಕ್' ಅನ್ನೋ ಪತ್ರಿಕೆ ಶುರು ಮಾಡಿದರು. ಆ ಪೀಳಿಗೆ ಪ್ರೊಫೆಸರ್‌ಗಳಾದ ಹಾಗೆ, ಜರ್ಮನ್ ಕವಿ ಗಯಟೆಯನ್ನು ಓದುವ ಕೊಠಡಿಯಲ್ಲೇ ಅಡೋರ್ನೊ ಓದೋದೂ ಅಲ್ಲಿ ಮಾಮೂಲಾಯಿತು. ಬರ್ಕ್ಲಿಯಲ್ಲಂತೂ ಯಾವ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದರೂ ಅದರ ಜೊತೆಗೆ ಕ್ರಿಟಿಕಲ್ ಥಿಯರಿಯನ್ನು ವಿಶೇಷ ವಿಷಯವಾಗಿ ತೆಗೆದುಕೊಳ್ಳಬಹುದು.

ಜರ್ಮನಿಯಲ್ಲಿ ಹಾಗಲ್ಲ. ಅಲ್ಲಿನ ಗೆರ್ಮಾನಿಸ್ಟಿಕ್, ಅಂದರೆ ಜರ್ಮನ್ ಭಾಷೆ-ಸಾಹಿತ್ಯದ ಅಧ್ಯಯನ, ದೊಡ್ಡ ವಿಭಾಗ. ಭಾಷಾವಿಜ್ಞಾನ, ಮಧ್ಯಯುಗದ ಜರ್ಮನ್, ಹೊಸ ಸಾಹಿತ್ಯ ಎಲ್ಲವೂ ಅದರಲ್ಲೇ ಬರುತ್ತವೆ. ಥಿಯರಿ ಮಾತ್ರ ಚದುರಿಹೋಗಿದೆ: ಸ್ವಲ್ಪ ತತ್ವಶಾಸ್ತ್ರದಲ್ಲಿ, ಸ್ವಲ್ಪ ಸಮಾಜಶಾಸ್ತ್ರದಲ್ಲಿ, ಸ್ವಲ್ಪ ತೌಲನಿಕ ಸಾಹಿತ್ಯದಲ್ಲಿ. ಫ್ರಾಂಕ್‌ಫರ್ಟ್‌ನ ಆ ಸಂಸ್ಥೆ ಇವತ್ತಿಗೂ ಇದೆ, ಆದರೆ ಅದು ಸಮಾಜ ಸಂಶೋಧನೆಯ ಜಾಗ, ಸಾಹಿತ್ಯ ವಿಭಾಗ ಅಲ್ಲ. ನಿಮ್ಮ ಆಸಕ್ತಿಗೆ ಹತ್ತಿರವಾದದ್ದು ಬೇಕಿದ್ದರೆ ಬರ್ಲಿನ್‌ನ ಫ್ರೈಯೆ (ಫ್ರೀ) ವಿಶ್ವವಿದ್ಯಾಲಯದಲ್ಲಿ ವಿಮರ್ಶಕ ಪೀಟರ್ ಸೊಂಡಿ 1965ರಲ್ಲಿ ಕಟ್ಟಿದ ತೌಲನಿಕ ಸಾಹಿತ್ಯ ಸಂಸ್ಥೆ ನೋಡಿ.

ಬೆನ್ಯಾಮಿನ್‌ಗೇ ಫ್ರಾಂಕ್‌ಫರ್ಟ್ ಒಲಿಯಲಿಲ್ಲ ಅನ್ನೋದೂ ನೆನಪಿರಲಿ. ಪ್ರೊಫೆಸರ್ ಆಗೋಕೆ ಬೇಕಾದ ಪ್ರಬಂಧವನ್ನು, ಜರ್ಮನ್ ಶೋಕನಾಟಕದ ಮೇಲೆ ಬರೆದು, ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಜರ್ಮನ್ ಸಾಹಿತ್ಯದ ಪ್ರೊಫೆಸರ್ ಇದು ನನ್ನದಲ್ಲ ಅಂತ ಸೌಂದರ್ಯಶಾಸ್ತ್ರದವರ ಕಡೆ ತಳ್ಳಿದರು. ಅವರಿಗೆ ಒಂದಕ್ಷರ ಅರ್ಥ ಆಗಲಿಲ್ಲ. ತಿರಸ್ಕಾರ ಆಗೋದು ಖಚಿತ ಅಂತ ಗೊತ್ತಾಗಿ 1925ರಲ್ಲಿ ಬೆನ್ಯಾಮಿನ್ ಸುಮ್ನೆ ಅರ್ಜಿ ವಾಪಸ್ ತಗೊಂಡರು. ಅದೇ ಪ್ರಬಂಧ 1928ರಲ್ಲಿ ಪುಸ್ತಕವಾಗಿ ಬಂತು. ಈಗ ಈ ವಿಷಯದಲ್ಲಿ ಪಿಎಚ್‌ಡಿ ಮಾಡೋರು ಅದನ್ನು ಓದದೆ ಮುಂದೆ ಹೋಗೋ ಹಾಗಿಲ್ಲ.

ಇನ್ನು ವ್ಯವಸ್ಥೆ. ಜರ್ಮನಿಯಲ್ಲಿ ಪಿಎಚ್‌ಡಿಗೆ ಸಾಮಾನ್ಯವಾಗಿ ಕ್ಲಾಸ್ ಇರೋದಿಲ್ಲ. ಏನು ಬರೀತೀನಿ ಅಂತ ಹಲವು ಪುಟಗಳ ಎಕ್ಸ್‌ಪೋಸೆ ಸಿದ್ಧ ಮಾಡಿ, ಒಪ್ಪುವ ಪ್ರೊಫೆಸರನ್ನು ನೀವೇ ಹುಡುಕಬೇಕು. ಆಮೇಲೆ ತಿಂಗಳಿಗೊಮ್ಮೆಯೋ ಎರಡು ಸಲವೋ ಕೊಲೊಕ್ವಿಯಂ, ಅಂದರೆ ಒಬ್ಬರ ಅಧ್ಯಾಯ ಹಿಡಿದು ಎಲ್ಲರೂ ಕೂತು ಚರ್ಚೆ. ಉಳಿದದ್ದು ನಿಮ್ಮ ಪಾಡು. ಹಣವೂ ಬೇರೆಯೇ ಹುಡುಕಬೇಕು: ಡಾಡ್ (ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ) ವಿದ್ಯಾರ್ಥಿವೇತನ, ರಾಜಕೀಯ ಪಕ್ಷಗಳ ಜೊತೆ ನಂಟಿರುವ ಪ್ರತಿಷ್ಠಾನಗಳು, ಇಲ್ಲಾ ವಿಭಾಗದಲ್ಲೇ ಅರ್ಧ ಅಥವಾ ಶೇ. 65ರಷ್ಟು ಸಂಬಳದ ಹುದ್ದೆ. ಕೆಲಸ ಮಾತ್ರ ಪೂರ್ತಿ ಇರುತ್ತದೆ ಅಂತ ಅಲ್ಲಿನವರೇ ಗೊಣಗುತ್ತಾರೆ. ಇಂಥ ತಾತ್ಕಾಲಿಕ ಹುದ್ದೆಗಳ ವಿರುದ್ಧ 2021ರಲ್ಲಿ 'ನಾನು ಹಾನ್ನಾ' ಅಂತ ದೊಡ್ಡ ಆನ್‌ಲೈನ್ ಪ್ರತಿಭಟನೆಯೇ ನಡೆಯಿತು. 

ಅಮೆರಿಕದಲ್ಲಿ ಐದಾರು ವರ್ಷ ಹಿಡಿಯುತ್ತದೆ, ಆದರೆ ಮೊದಲ ಎರಡು ವರ್ಷ ಅವರೇ ಕೂರಿಸಿ ಓದಿಸುತ್ತಾರೆ. ಒಳ್ಳೆಯ ವಿಭಾಗಗಳಲ್ಲಿ ಫೀಸು ಮಾಫಿ, ಜೊತೆಗೆ ಸ್ಟೈಪೆಂಡ್, ಆರೋಗ್ಯ ವಿಮೆ. ಬದಲಿಗೆ ನೀವು ಪಾಠ ಮಾಡಬೇಕು, ಅದೂ ಅಡೋರ್ನೊ ಅಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹದಿನೆಂಟರ ಹುಡುಗ ಹುಡುಗಿಯರು ಆಕಳಿಸುತ್ತಾ ಕೂತಿರುತ್ತಾರೆ. ಜರ್ಮನ್ ವ್ಯಾಕರಣದಲ್ಲಿ ಕರ್ಮ ವಿಭಕ್ತಿ ಬಂದರೆ 'ಡೆರ್' ಹೋಗಿ 'ಡೆನ್' ಯಾಕಾಗುತ್ತದೆ ಅಂತ ನೀವು ಬೋರ್ಡ್ ಮೇಲೆ ಬರೆಯುತ್ತೀರಿ. ಮಧ್ಯಾಹ್ನ ಅದೇ ಕಟ್ಟಡದಲ್ಲಿ ಸೆಮಿನಾರ್, ತತ್ವಜ್ಞಾನಿ ಹೆಗೆಲ್‌ನ ಎರಡು ಪುಟಕ್ಕೆ ಮೂರು ಗಂಟೆ. ಇದನ್ನು ಕೀಳು ಕೆಲಸ ಅಂತ ಅಂದುಕೊಳ್ಳಬೇಡಿ. ಸಣ್ಣ ಕಾಲೇಜುಗಳಲ್ಲಿ ನೌಕರಿ ಸಿಗೋದು ಜಾಸ್ತಿ ಈ ಬೆಳಗಿನ ಕ್ಲಾಸಿನ ಅನುಭವದ ಮೇಲೆಯೇ.

ನೌಕರಿ ಅಂದರೆ, ಅದು ಕಷ್ಟವೇ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2023ರಲ್ಲಿ ತನ್ನ ವಿದೇಶಿ ಭಾಷೆಗಳ ಪದವಿಗಳನ್ನೇ ಕೈಬಿಟ್ಟಿತು. ಪೂರ್ತಿ ಹಣಕಾಸು ಕೊಡದ ಸೀಟು ಎಲ್ಲೇ ಸಿಕ್ಕಿದರೂ ಬೇಡ ಅನ್ನಿ. ಸಾಲ ಮಾಡಿ ಮಾಡುವ ಪಿಎಚ್‌ಡಿ ಇದಲ್ಲ.

ಜರ್ಮನಿ ಯಾರಿಗೆ ಸರಿ? ಭಾಷೆ ಸಿ1 ದಾಟಿದವರಿಗೆ, ವಿಷಯ ಖಚಿತ ಇರೋರಿಗೆ, ಹಸ್ತಪ್ರತಿ ನೋಡಲೇಬೇಕಾದವರಿಗೆ. ಬೆನ್ಯಾಮಿನ್‌ನ ಇರುವೆ ಸಾಲಿನಂಥ ಪುಟ್ಟ ಕೈಬರಹ ಬರ್ಲಿನ್‌ನ ಕಲಾ ಅಕಾಡೆಮಿಯಲ್ಲಿದೆ, ಕಾಫ್ಕಾನ ಕಾದಂಬರಿ 'ಡೆರ್ ಪ್ರೊಸೆಸ್' (ದಿ ಟ್ರಯಲ್) ಹಸ್ತಪ್ರತಿ ಮಾರ್ಬಾಖ್ ಊರಿನ ಸಾಹಿತ್ಯ ಸಂಗ್ರಹಾಲಯದಲ್ಲಿದೆ. ಅಮೆರಿಕದಲ್ಲಿ ಪಿಎಚ್‌ಡಿ ಮಾಡೋರೂ ಮಧ್ಯೆ ಒಂದು ವರ್ಷ ಅಲ್ಲಿಗೆ ಹೋಗಿ ಬರುತ್ತಾರೆ, ಹಾಗಾಗಿ ಈ ಬಾಗಿಲು ನಿಮಗೂ ಮುಚ್ಚುವುದಿಲ್ಲ.

ಒಂದು ಕಹಿ ಮಾತು: ಬಿ1 ಎರಡೂ ಕಡೆ ಸಾಲದು. ಜರ್ಮನ್ ಕಲಿಸಬೇಕಾದವರಿಗೆ ಜರ್ಮನ್ ಚೆನ್ನಾಗಿ ಬರಬೇಕಲ್ಲ. ಈ ವರ್ಷವೇ ಅರ್ಜಿ ಹಾಕುವ ಆತುರ ಬೇಡ. ಬೆಂಗಳೂರಿನಲ್ಲಿದ್ದರೆ ಇಂದಿರಾನಗರದಲ್ಲಿ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇದೆ, ಕನಿಷ್ಠ ಬಿ2 ಮುಗಿಸಿ ಸಿ1ಗೆ ಕೈ ಹಾಕಿ. ಮನೆಯಲ್ಲಿ ಒಪ್ಪಿದರೆ ಜೆಎನ್‌ಯು ಅಥವಾ ಹೈದರಾಬಾದ್‌ನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ (ಇಫ್ಲು) ಜರ್ಮನ್ ಎಂ.ಎ. ಸಾಧ್ಯವಾ ಅಂತಲೂ ವಿಚಾರಿಸಿ. ಖರ್ಚು ತೀರಾ ಕಡಿಮೆ.

ಅಮೆರಿಕದ ಅರ್ಜಿಗಳು ಸಾಮಾನ್ಯವಾಗಿ ಡಿಸೆಂಬರ್ ಸುಮಾರಿಗೆ ಮುಗಿಯುತ್ತವೆ. ಜೊತೆಗೆ ಇಪ್ಪತ್ತು ಪುಟದ ಆಸುಪಾಸಿನ ಒಂದು ಲೇಖನ ಕೊಡಬೇಕು. ಸೀಟು ಸಿಗೋದು ಬಿಡೋದು ಬಹುಪಾಲು ಅದರ ಮೇಲೆಯೇ. ಅದರಲ್ಲಿ ಅಡೋರ್ನೊ ಏನು ಹೇಳಿದ ಅಂತ ಸಾರಾಂಶ ಬರೆಯಬೇಡಿ, ಓದುವ ಪ್ರೊಫೆಸರಿಗೆ ಅದು ಬಾಯಿಪಾಠ. ಕಾಫ್ಕಾನ ಒಂದೆರಡು ಪುಟದ ಕಥೆಯನ್ನೋ, ಜರ್ಮನ್ ಲೇಖಕ ಕ್ಲೈಸ್ಟ್‌ನ ಬೊಂಬೆಯಾಟದ ಪ್ರಬಂಧವನ್ನೋ ಜರ್ಮನ್‌ನಲ್ಲೇ ಹಿಡಿದು, ಸಾಲು ಸಾಲಾಗಿ ಓದಿ ಬರೆಯಿರಿ. ಥಿಯರಿ ಅಲ್ಲಿ ಬೇಕಾದಷ್ಟೇ ಬರಲಿ.